ಕೆಂಪುಹಕ್ಕಿಯ ಲಕೋಟೆ

ಟ್ಯಾಲೋ ಲ್ಯಾಂಡಿಂಗ್ ಎಂಬ ಊರಿನ ಫೆಡರಲ್ ಕೋರ್ಟಿನ ಕೆಳಮಹಡಿಯಲ್ಲಿ, ಅರ್ಜಿ ತೆಗೆದುಕೊಳ್ಳುವ ಗಾಜಿನ ಕಿಟಕಿಯ ಹಿಂದೆ, ಅರ್ಲೀನ್ ಪ್ರೂಟ್ ಇಪ್ಪತ್ತೇಳು ವರ್ಷ ಕೂತಿದ್ದಳು. ಅಷ್ಟು ವರ್ಷಗಳಲ್ಲಿ ಅವಳು ಅತಿ ಹೆಚ್ಚು ಸಲ ಆಡಿದ ಮಾತು ಗಂಡನ ಹೆಸರೂ ಅಲ್ಲ, ದೇವರ ಹೆಸರೂ ಅಲ್ಲ. "ನಾನು ಕಾನೂನು ಸಲಹೆ ಕೊಡೋ ಹಾಗಿಲ್ಲ." ಇಷ್ಟೇ. ಗಾಜಿನ ಮೇಲೂ ಅದನ್ನೇ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದರು. ಜನ ಓದುತ್ತಿದ್ದರು, ಓದಿಯೂ ಕೇಳುತ್ತಿದ್ದರು. ಕೇಳದೆ ಇನ್ನೇನು ಮಾಡಿಯಾರು? ವಕೀಲರನ್ನು ಇಟ್ಟುಕೊಳ್ಳುವ ತಾಕತ್ತಿದ್ದವರು ಆ ಕಿಟಕಿಯ ಮುಂದೆ ಯಾಕೆ ಬಂದು ನಿಲ್ಲುತ್ತಾರೆ ಹೇಳಿ.

ಅರ್ಲೀನ್ ಕೆಲಸದಲ್ಲಿ ಭಾರಿ ಬಿಗಿ. ಅದರಲ್ಲೂ ಜೈಲಿನಿಂದ ಬರುವ ಟಪಾಲಿನ ವಿಷಯದಲ್ಲಿ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಜೈಲಿನಲ್ಲಿರುವವನು ಕಾಗದವನ್ನು ಅಲ್ಲಿನ ಟಪಾಲು ಕೋಣೆಗೆ ಕೊಟ್ಟ ದಿನವೇ ಕೋರ್ಟಿಗೆ ಕೊಟ್ಟ ದಿನ. ಅಲ್ಲಿಂದ ಮುಂದಕ್ಕೆ ಅವನ ಕೈ ಎಟುಕುವುದಿಲ್ಲವಲ್ಲ, ಅದಕ್ಕೆ ಈ ನಿಯಮ. ಆ ದಿನ ಯಾವುದೆಂದು ಹೇಳುವುದು ಲಕೋಟೆಯ ಹಿಂದೆ ಜೈಲಿನವರು ಒತ್ತಿದ ಠಸ್ಸೆ. ಆದ್ದರಿಂದ ಲಕೋಟೆಯನ್ನೂ ಅರ್ಜಿಯ ಬೆನ್ನಿಗೆ ಪಿನ್ನು ಹೊಡೆದು, ಸ್ಕ್ಯಾನ್ ಮಾಡಿ, ದಾಖಲೆಗೆ ಸೇರಿಸಬೇಕು. ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಅವಳು ಎಚ್ಚರಿಕೆ ಕೊಡುತ್ತಿದ್ದಳು: "ಲಕೋಟೆ ಕಸದ ಬುಟ್ಟೀಲಿ ಕಂಡ್ರೆ ನಿಮ್ಮನ್ನೂ ಅದೇ ಬುಟ್ಟಿಗೆ ಹಾಕ್ತೀನಿ, ನೋಡ್ಕೊಳಿ."

ಅಂಥವಳ ಕೈಯಿಂದಲೇ ಆಯಿತು ನೋಡಿ.

ಮಾರ್ಚ್ ತಿಂಗಳ ಒಂದು ಮಂಗಳವಾರ. ಊರುಗೋಲು ಹಿಡಿದ ಮುದುಕಿಯೊಬ್ಬಳು ಕಿಟಕಿಗೆ ಬಂದಳು. ಚರ್ಚಿಗೆ ಹಾಕಿಕೊಂಡು ಹೋಗುವ ನೇರಳೆ ಟೋಪಿ, ಅದಕ್ಕೆ ಹೊಂದುವ ಕೈಚೀಲ. ಬಾಗಿಲಲ್ಲಿ ಕಾವಲಿನವರು ಬೂಟು ಬಿಚ್ಚಿಸಿದ್ದರಿಂದ ಒಂದರ ದಾರ ಕಟ್ಟಿರಲೇ ಇಲ್ಲ.

"ನೋಡು ಮಗಳೇ, ಇದೊಂದು ಓದಿ ಹೇಳು. ಕನ್ನಡಕ ಹಾಕ್ಕೊಂಡು ಓದಿದ್ರೂ ಅಷ್ಟೇ, ತೆಗೆದು ಓದಿದ್ರೂ ಅಷ್ಟೇ. ಎರಡು ಬಸ್ಸು ಬದಲಾಯಿಸ್ಕೊಂಡು ಬಂದಿದೀನಿ."

ಅದು ನಾಲ್ಕು ಪುಟದ ಆದೇಶ. ಅರ್ಜಿದಾರ ಲವೆಲ್ ಗ್ಯಾಟ್ಲಿನ್. ಕಾಲಮಿತಿ ಮೀರಿದೆ, ಅರ್ಜಿ ವಜಾ.

"ಇವನು ನಿಮಗೇನಾಗ್ಬೇಕು ಅಮ್ಮಾ?"

"ಮಗ. ನಾನು ಒಸೀ ಗ್ಯಾಟ್ಲಿನ್. ಎಲ್ಲಾರೂ ಮಿಸ್ ಒಸೀ ಅಂತಾರೆ, ನೀನೂ ಹಂಗೇ ಕರಿ."

"ತಡವಾಯ್ತು ಅಂತ ಬರೆದಿದಾರೆ, ಮಿಸ್ ಒಸೀ. ಸೆಪ್ಟೆಂಬರ್ ಹದಿನಾಲ್ಕರೊಳಗೆ ಕೊಡಬೇಕಾಗಿತ್ತಂತೆ. ಜೈಲಿನ ಟಪಾಲು ಪುಸ್ತಕದಲ್ಲಿ ಹತ್ತೊಂಬತ್ತು ಅಂತ ಇದೆ."

ಮುದುಕಿ ಊರುಗೋಲನ್ನು ನೆಲಕ್ಕೆ ಕುಟ್ಟಿದಳು. "ಹಸೀ ಸುಳ್ಳು! ಹನ್ನೆರಡನೇ ತಾರೀಕು ಕೊಟ್ಟಿದಾನೆ. ಅವತ್ತು ನನ್ನ ಹುಟ್ಟಿದ ದಿನ. ಫೋನ್ ಮಾಡಿ, 'ಅಮ್ಮಾ, ನಿನ್ನ ಹುಟ್ಟಿದಬ್ಬದ ದಿನಾನೇ ನನ್ನ ಕಾಗದ ಹೊರಡ್ತು' ಅಂದ. ಹುಟ್ಟೋವಾಗ ಹನ್ನೊಂದು ದಿನ ತಡ ಮಾಡಿದ್ದ, ಒಪ್ಕೋತೀನಿ. ಅದಾದ ಮೇಲೆ ಯಾವತ್ತೂ ಮಾಡಿಲ್ಲ ಅವನು."

ಹದಿನೇಳು ವರ್ಷದ ಹಿಂದೆ ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ಗಲ್ಲಾದ ಮುಂದೆ ಕೂತಿದ್ದವನನ್ನು ಯಾರೋ ಗುಂಡಿಕ್ಕಿ ಕೊಂದರು. ಓಡಿಹೋದವನು ಲವೆಲ್ ಎಂದು ಒಬ್ಬಳೇ ಒಬ್ಬ ಹೆಂಗಸು ಸಾಕ್ಷಿ ಹೇಳಿದಳು. ಸಾಯುವ ತನಕ ಜೈಲು ಎಂದಾಯಿತು. ಈಚೆಗೆ ಅದೇ ಹೆಂಗಸು ತನ್ನ ಪಾದ್ರಿಯ ಮುಂದೆ ಅತ್ತು, "ನಾನು ಅಂಗಿ ನೋಡಿದ್ದೆ, ಮುಖ ನೋಡಿರಲಿಲ್ಲ" ಎಂದು ಬರೆದು ರುಜು ಹಾಕಿಕೊಟ್ಟಿದ್ದಳು. ಆ ಕಾಗದ ಲವೆಲ್‌ನ ಕೈಸೇರಿದ ದಿನದಿಂದ ಅವನಿಗೆ ಒಂದು ವರ್ಷದ ಗಡುವು. ಗಡುವು ದಾಟಿದರೆ ಒಳಗೇನಿದೆಯೆಂದು ಯಾರೂ ತೆರೆದು ನೋಡುವುದಿಲ್ಲ. ಆ ಹೆಂಗಸಿನ ಕಾಗದವನ್ನು ಈ ಕ್ಷಣದವರೆಗೂ ಒಬ್ಬ ನ್ಯಾಯಾಧೀಶರೂ ಓದಿರಲಿಲ್ಲ.

"ಲಕೋಟೆ ನೋಡಿದ್ರೆ ಗೊತ್ತಾಗುತ್ತಲ್ಲಾ?" ಎಂದಳು ಒಸೀ. "ಹಿಂದಗಡೆ ಠಸ್ಸೆ ಹೊಡೆದಿರ್ತಾರೆ. ಸುಮ್ನೆ ಲಕೋಟೆ ಅಲ್ಲ ಕಣೇ ಅದು. ಒಂದು ಹಕ್ಕಿ ಬರೆದಿದ್ದ ಅದರ ಮೇಲೆ, ಕೆಂಪುಹಕ್ಕಿ. ಬಣ್ಣ ಎಲ್ಲಿ ಸಿಗುತ್ತೆ ಒಳಗೆ? ಚೆರ್ರಿ ಶರಬತ್ತಿನ ಪುಡೀನ ಎಂಜಲಲ್ಲಿ ಕಲಸಿ ಹಚ್ಚಿದ್ದನಂತೆ. ಜಡ್ಜ್ ಸಾಹೇಬ್ರು ನೋಡ್ಲಿ, ಇಂಥಾ ಕೈ ಕೊಲೆ ಮಾಡುತ್ತಾ ಅಂತ ಒಂದು ಗಳಿಗೆ ಯೋಚನೆ ಮಾಡ್ಲಿ, ಅಂತ."

ಕಂಪ್ಯೂಟರಿನ ಮೇಲಿದ್ದ ಅರ್ಲೀನಳ ಕೈ ಅಲ್ಲೇ ನಿಂತುಹೋಯಿತು. ಆ ಹಕ್ಕಿ ಅವಳಿಗೆ ಗೊತ್ತು. ಅವತ್ತು ಬೆಳಿಗ್ಗೆ ಕಾಫಿ ಕುಡಿಯುತ್ತಾ ಅದರ ಮುಖ ನೋಡಿಕೊಂಡೇ ಬಂದಿದ್ದಳು. ಅದು ಅವಳ ಅಡಿಗೆಮನೆಯ ಗೋಡೆಯ ಮೇಲಿತ್ತು.

"ದಾಖಲೆಯಲ್ಲಿ ಲಕೋಟೆ ಕಾಣ್ತಿಲ್ಲ, ಮಿಸ್ ಒಸೀ," ಎಂದಳು. ಸುಳ್ಳೇನಲ್ಲ. ಆದರೆ ಅಂಥ ನಿಜವನ್ನು ಆಡುವುದಕ್ಕಿಂತ ಸುಳ್ಳು ಹೇಳುವುದೇ ವಾಸಿ.

"ಹಂಗಾದ್ರೆ ನಾವೀಗ ಏನು ಮಾಡ್ಬೇಕು ಮಗಳೇ?"

"ನಾನು ಕಾನೂನು ಸಲಹೆ ಕೊಡೋ ಹಾಗಿಲ್ಲ."

ಮುದುಕಿ ಗಾಜಿನ ಮೇಲಿನ ಬರಹವನ್ನೊಮ್ಮೆ ನೋಡಿದಳು, ಅರ್ಲೀನಳನ್ನೊಮ್ಮೆ ನೋಡಿದಳು, ಕಾಗದ ಮಡಿಸಿ ಚೀಲಕ್ಕೆ ಹಾಕಿಕೊಂಡಳು.

ಕಳ್ಳಿಯೇನಲ್ಲ ಅರ್ಲೀನ್. ಹೇಗಾಯಿತೆಂದು ಹೇಳಿಬಿಡುತ್ತೇನೆ, ಆಮೇಲೆ ಬೈಯುವುದಾದರೆ ಬೈಯಿರಿ. ಆ ಹಿಂದಿನ ಜುಲೈಯಲ್ಲಿ ಅವಳ ಗಂಡ ರಾಯ್ಸ್ ತೀರಿಕೊಂಡಿದ್ದ. ಅಂಗಳದಲ್ಲಿ ಹಕ್ಕಿಗಳಿಗೆ ಕಾಳಿಡಲು ಒಂದು ಪೆಟ್ಟಿಗೆ ತೂಗುಹಾಕಿದ್ದವನು ಅವನೇ. ಆ ಸೀಮೆಯಲ್ಲಿ ಕೆಂಪುಹಕ್ಕಿ ಅಂಗಳಕ್ಕೆ ಬಂತೆಂದರೆ ಸತ್ತವರು ತಮ್ಮವರನ್ನು ನೋಡಿಕೊಂಡು ಹೋಗಲು ಬಂದಿದ್ದಾರೆಂದು ಎಲ್ಲರೂ ನಂಬುತ್ತಾರೆ. ಬಿಳಿಯರಿಗೂ ಕರಿಯರಿಗೂ ಬೇರೆ ಎಷ್ಟು ವಿಷಯದಲ್ಲಿ ಜಗಳವಿದ್ದರೂ ಇದೊಂದರಲ್ಲಿ ಇಲ್ಲ. ಅರ್ಲೀನ್ ಆಗಸ್ಟ್ ಪೂರ್ತಿ ಕಿಟಕಿಯ ಹತ್ತಿರ ಕಾದಳು. ಕಾಳು ತಿನ್ನಲು ಗುಬ್ಬಿ ಬಂತು, ಅಳಿಲು ಬಂತು, ಕೆಂಪುಹಕ್ಕಿ ಮಾತ್ರ ಬರಲಿಲ್ಲ. "ಬದುಕಿದ್ದಾಗಲೂ ಹೇಳಿದ ಹೊತ್ತಿಗೆ ಮನೆಗೆ ಬಂದವನಲ್ಲ" ಎಂದು ಒಬ್ಬಳೇ ಗೊಣಗಿ, ಒಬ್ಬಳೇ ಅತ್ತಳು.

ಸೆಪ್ಟೆಂಬರ್ ಕೊನೆಯ ಒಂದು ಶುಕ್ರವಾರ ಟಪಾಲಿನ ಚೀಲ ಸುರಿದಾಗ ಅದು ಅವಳ ಮಡಿಲಿಗೇ ಬಂದು ಬಿತ್ತು. ಕಂದು ಲಕೋಟೆಯ ಎಡಮೂಲೆಯಲ್ಲಿ ಒಂದು ಕೆಂಪುಹಕ್ಕಿ. ತಲೆಯ ಜುಟ್ಟು, ಕಣ್ಣಿನ ಸುತ್ತ ಕಪ್ಪು, ಕತ್ತು ಸ್ವಲ್ಪ ಓರೆಮಾಡಿ ಇವಳನ್ನೇ ನೋಡುತ್ತಿತ್ತು. ಅರ್ಲೀನ್ ಎದ್ದು ಕಕ್ಕಸುಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಅರ್ಜಿಯನ್ನು ಸ್ಕ್ಯಾನ್ ಮಾಡಿದಳು. ಲಕೋಟೆಯನ್ನು ಸೋಮವಾರ ಮಾಡಿದರಾಯಿತೆಂದು ಕೈಚೀಲದಲ್ಲಿಟ್ಟುಕೊಂಡಳು. ಅರ್ಜಿಯ ಕೊನೇ ಪುಟದಲ್ಲಿ ಟಪಾಲಿಗೆ ಕೊಟ್ಟ ತಾರೀಕು ಬರೆಯಲೆಂದೇ ಒಂದು ಗೆರೆಯಿರುತ್ತದೆ. ಎಲ್ಲರೂ ತುಂಬಿರುತ್ತಾರೆ, ಇವನೂ ತುಂಬಿರುತ್ತಾನೆ ಎಂದುಕೊಂಡಳು. ನೋಡಲಿಲ್ಲ. ಇಪ್ಪತ್ತೇಳು ವರ್ಷದಲ್ಲಿ ಅದೊಂದು ಸಲ ನೋಡಲಿಲ್ಲ. ಲವೆಲ್ ಆ ಗೆರೆಯನ್ನು ಖಾಲಿ ಬಿಟ್ಟಿದ್ದ.

ಸೋಮವಾರದ ಹೊತ್ತಿಗೆ ಹಕ್ಕಿ ಗೋಡೆ ಏರಿಯಾಗಿತ್ತು. ಮನೆಯಲ್ಲಿದ್ದ ಪಟದ ಕಟ್ಟು ಚಿಕ್ಕದು, ಲಕೋಟೆ ದೊಡ್ಡದು. ಭಾನುವಾರ ಚರ್ಚಿನಿಂದ ಬಂದವಳು ಹೊಲಿಗೆಯ ಕತ್ತರಿ ತೆಗೆದು ಹಕ್ಕಿಯ ಸುತ್ತ ಅಳತೆಗೆ ಸರಿಯಾಗಿ ಕತ್ತರಿಸಿದ್ದಳು. ಉಳಿದ ಚೂರು ಬೀನ್ಸಿನ ನಾರಿನ ಜೊತೆ ಕಸಕ್ಕೆ ಹೋಗಿತ್ತು.

ಈಗ, ಒಸೀ ಬಂದು ಹೋದ ದಿನ ಸಂಜೆ, ಕೋಟನ್ನೂ ಬಿಚ್ಚದೆ ಅಡಿಗೆಮನೆಗೆ ಹೋಗಿ ಕಟ್ಟನ್ನು ಇಳಿಸಿದಳು. ಹಿಂದಿನ ಮೊಳೆಗಳನ್ನು ಬೆಣ್ಣೆ ಸವರುವ ಚಾಕುವಿನಿಂದ ಎಬ್ಬಿಸಿದಳು. "ದೇವರೇ, ಇರಲಿ. ಇದ್ದುಬಿಡಲಿ," ಎನ್ನುತ್ತಲೇ ಇದ್ದಳು. ಹಕ್ಕಿಯನ್ನು ಮಗುಚಿದಳು.

ಠಸ್ಸೆ ಇತ್ತು. ನೇರಳೆ ಶಾಯಿ. ಜೈಲಿನ ಟಪಾಲು ಕೋಣೆ, ಕೈದಿಯಿಂದ ಪಡೆದದ್ದು, ಸೆಪ್ಟೆಂಬರ್, ಆಮೇಲೆ ಒಂದು ಎಂಬ ಅಂಕಿ. ಅದರ ಪಕ್ಕದ ಅಂಕಿ ಇರಬೇಕಾದ ಕಡೆ ಕಾಗದವೇ ಇರಲಿಲ್ಲ. ಕತ್ತರಿ ಅಲ್ಲಿ ಹಾದುಹೋಗಿತ್ತು, ಒಂಚೂರೂ ಅಂಕುಡೊಂಕಿಲ್ಲದೆ. ಹೊಲಿಗೆಯಲ್ಲಿ ಅವಳ ಕೈ ಎಂದೂ ತಪ್ಪಿದ್ದಿಲ್ಲ. ಹನ್ನೆರಡೂ ಆಗಬಹುದು, ಹತ್ತೊಂಬತ್ತೂ ಆಗಬಹುದು. ಒಬ್ಬ ಮನುಷ್ಯನ ಇಡೀ ಬಾಳು ಕೊತ್ತಂಬರಿ ಕಾಳಿನಷ್ಟು ಕಾಗದದಲ್ಲಿತ್ತು, ಅದನ್ನು ಇವಳು ಬೀನ್ಸಿನ ನಾರಿನ ಜೊತೆ ಎಸೆದಿದ್ದಳು.

ಮೂರು ದಿನ ಒದ್ದಾಡಿದಳು. ನಾಲ್ಕನೆಯ ದಿನ ಕಚೇರಿಯ ಮೇಲಧಿಕಾರಿ ಕಾರ್ವರ್‌ನ ಕೋಣೆಗೆ ಹೋಗಿ ಎಲ್ಲ ಹೇಳಿದಳು. ಕಾರ್ವರ್‌ಗೆ ಕೆಲಸ ಕಲಿಸಿದವಳೇ ಅವಳು. ಅವನು ಎದ್ದು ಬಾಗಿಲು ಮುಚ್ಚಿ ಬಂದ.

"ಅಕ್ಕಾ, ನಿಂಗೇನು ತಲೆ ಕೆಟ್ಟಿದೆಯಾ? ನಿನ್ನ ನಿವೃತ್ತಿಗೆ ಇನ್ನು ಹನ್ನೊಂದು ತಿಂಗಳು. ಹನ್ನೊಂದು ತಿಂಗಳು ಬಾಯಿ ಮುಚ್ಕೊಂಡಿರೋಕೆ ಆಗಲ್ವಾ?"

"ಇಪ್ಪತ್ತೇಳು ವರ್ಷ ಮುಚ್ಕೊಂಡೇ ಇದ್ದೆ ಕಣೋ."

"ಅಲ್ಲಾ, ಅದರಲ್ಲಿ ತಾರೀಕೇ ಇಲ್ಲ ಅಂತೀಯ. ನೀನು ಕೆಲಸ ಕಳ್ಕೊತೀಯ, ಅವನಿಗೆ ಮೂರು ಕಾಸಿನ ಉಪಯೋಗ ಇಲ್ಲ. ಯಾವ ಪುರುಷಾರ್ಥಕ್ಕೆ?"

"ಇದ್ದಷ್ಟಾದ್ರೂ ಅವನದು ತಾನೆ? ನಂದಲ್ವಲ್ಲ."

ಅವಳು ನಡೆದದ್ದನ್ನೆಲ್ಲ ಎರಡು ಪುಟ ಬರೆದು, ಹಕ್ಕಿಯ ತುಂಡನ್ನು ಜೊತೆಗಿಟ್ಟು, ಮೇಲಿನ ಮಹಡಿಯ ನ್ಯಾಯಾಧೀಶೆಗೆ ಕಳಿಸಿದಳು. ಕಾರ್ವರ್ ಅವತ್ತಿನಿಂದ ಅವಳ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟ. ನ್ಯಾಯಾಧೀಶೆ ಆದೇಶವನ್ನು ಸದ್ಯಕ್ಕೆ ತಡೆಹಿಡಿದು, ಏಪ್ರಿಲ್‌ನಲ್ಲಿ ವಿಚಾರಣೆ ಗೊತ್ತುಮಾಡಿದರು.

ವಿಚಾರಣೆಯ ದಿನ ಒಸೀ ಮುಂದಿನ ಬೆಂಚಿನಲ್ಲಿ ಅದೇ ನೇರಳೆ ಟೋಪಿ ಹಾಕಿಕೊಂಡು ಕೂತಿದ್ದಳು. ಲವೆಲ್‌ನನ್ನು ಕರೆತಂದಿರಲಿಲ್ಲ, ಜೈಲಿನಿಂದಲೇ ಗೋಡೆಯ ಪರದೆಯ ಮೇಲೆ ತೋರಿಸಿದ್ದರು. ನಲವತ್ತೊಂದು ವರ್ಷಕ್ಕೇ ಗಡ್ಡ ನೆರೆತಿತ್ತು. ಅರ್ಲೀನ್ ಸಾಕ್ಷಿಯ ಜಾಗದಲ್ಲಿ ಕೂತಾಗ ಗುಮಾಸ್ತ ಹಕ್ಕಿಯನ್ನು ಪ್ಲಾಸ್ಟಿಕ್ ಹಾಳೆಯೊಳಗಿಟ್ಟು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. ಪರದೆಯ ಮೇಲೆ ಲವೆಲ್‌ನ ಮುಖ ಅರಳಿತು. "ಓ, ಇದು ಇನ್ನೂ ಇದೆಯಾ?" ಎಂದ. "ಯಾರೋ ಬಿಸಾಕಿರ್ತಾರೆ ಅಂದ್ಕೊಂಡಿದ್ದೆ." ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಅರ್ಲೀನಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಸರ್ಕಾರದ ಕಡೆಯ ವಕೀಲ ಒಬ್ಬ ಸಣಕಲ ಹುಡುಗ, ಮಾತು ಬಲು ನಯ. ಅವಳ ಗಂಡ ತೀರಿಕೊಂಡದ್ದಕ್ಕೆ ಮೊದಲು ಸಂತಾಪ ಹೇಳಿದ. ಆಮೇಲೆ ಕೇಳಿದ: "ಈ ಲಕೋಟೆ ಪೂರ್ತಿ ಇದ್ದಾಗ ನೋಡಿದೋರು ಈ ಕೋರ್ಟಲ್ಲಿ ನೀವೊಬ್ಬರೇ, ಅಲ್ವಾ ಮೇಡಂ?"

"ಹೌದು."

"ಹಂಗಾದ್ರೆ ನೀವೇ ಹೇಳಿ. ಠಸ್ಸೇಲಿ ಯಾವ ತಾರೀಕಿತ್ತು?"

ನ್ಯಾಯಾಧೀಶೆ ಬರೆಯುವುದನ್ನು ನಿಲ್ಲಿಸಿದರು. ಹನ್ನೆರಡು ಎಂದರೆ ಸಾಕಾಗಿತ್ತು. ಇಲ್ಲವೆನ್ನಲು ಲೋಕದಲ್ಲಿ ಇನ್ನೊಬ್ಬರಿರಲಿಲ್ಲ. ಹನ್ನೆರಡೇ ಆಗಿತ್ತೆಂದು ಅರ್ಲೀನಳ ಮನಸ್ಸು ಹೇಳುತ್ತಿತ್ತು; ತಾಯಿಯ ಹುಟ್ಟಿದ ದಿನವನ್ನು ಮಗ ಸುಳ್ಳಿಗೆ ಬಳಸುತ್ತಾನೆಯೇ? ಅವಳು ಕಣ್ಣು ಮುಚ್ಚಿ ಲಕೋಟೆ ಮಡಿಲಿಗೆ ಬಿದ್ದ ಆ ಗಳಿಗೆಯನ್ನು ಹುಡುಕಿದಳು. ಹಕ್ಕಿಯ ಜುಟ್ಟು ಕಂಡಿತು, ಕಣ್ಣು ಕಂಡಿತು, ರಾಯ್ಸ್ ಕಂಡ. ಠಸ್ಸೆ ಕಾಣಲಿಲ್ಲ. ಅವಳು ಹಿಂದುಗಡೆ ನೋಡಿಯೇ ಇರಲಿಲ್ಲ. ಐದು ನಿಮಿಷದ ಹಿಂದೆ ಬಲಗೈ ಎತ್ತಿ ಪ್ರಮಾಣ ಮಾಡಿದ್ದಳು. ಸಾವಿರಾರು ಜನ ಆ ಕಟ್ಟಡದಲ್ಲಿ ಕೈ ಎತ್ತಿದ್ದನ್ನು ನೋಡಿದವಳು, ಅದರಲ್ಲಿ ಎಷ್ಟು ಜನ ಎತ್ತಿದ ಕೈ ಇಳಿಸುವ ಮೊದಲೇ ಸುಳ್ಳು ಹೇಳಿದರೆಂಬುದೂ ಗೊತ್ತಿದ್ದವಳು.

"ನೆನಪಿಲ್ಲ," ಎಂದಳು.

"ಸ್ವಲ್ಪ ಗಟ್ಟಿಯಾಗಿ ಹೇಳಿ ಮೇಡಂ."

"ನೆನಪಿಲ್ಲ. ನಾನು ಹಕ್ಕೀನ ಮಾತ್ರ ನೋಡಿದ್ದು."

ಹೊರಗೆ ಪಡಸಾಲೆಯಲ್ಲಿ ಒಸೀ ಗೋಡೆ ಹಿಡಿದು ನಿಂತಿದ್ದಳು. ಅರ್ಲೀನ್ ಹತ್ತಿರ ಹೋಗಿ ಕೈ ಹಿಡಿಯಲು ನೋಡಿದಳು. ಮುದುಕಿ ಕೈಯನ್ನೇನೂ ಕೊಡವಲಿಲ್ಲ. "ಒಂದು ಅಂಕಿ ಕಣೇ," ಎಂದಳು. "ಇನ್ನೇನೂ ಬೇಡವಾಗಿತ್ತು. ಒಂದೇ ಒಂದು ಅಂಕಿ ಹೇಳೋಕೆ ನಿಂಗೆ ಬಾಯಿ ಬರಲಿಲ್ಲ."

"ಗೊತ್ತಿಲ್ದೆ ಹೆಂಗೆ ಹೇಳ್ಲಿ, ಮಿಸ್ ಒಸೀ?"

"ಆ ಹೆಂಗಸು ಗೊತ್ತಿಲ್ದೇನೇ ನನ್ನ ಮಗನ್ನ ತೋರಿಸಿದ್ಲು. ಅವಳ ಮಾತನ್ನ ಎಲ್ಲಾರೂ ನಂಬಿದ್ರು."

ಹಾಗೆಂದು ಮುದುಕಿ ಗೋಡೆ ಬಿಟ್ಟು, ಊರುಗೋಲು ಊರಿಕೊಂಡು ಹೊರಟಳು.

ಒಂಬತ್ತು ದಿನದ ಮೇಲೆ ತೀರ್ಪು ಬಂತು. ಕೋರ್ಟಿನ ಸಿಬ್ಬಂದಿಯಿಂದ ಆದ ತಪ್ಪು ವಿಷಾದಕರ. ಆದರೂ ಅರ್ಧ ತಾರೀಕು ತಾರೀಕಲ್ಲ. ಜೈಲಿನ ಪುಸ್ತಕ ಹತ್ತೊಂಬತ್ತು ಎನ್ನುತ್ತದೆ, ಕೈದಿಯ ಮಾತೊಂದನ್ನು ಬಿಟ್ಟರೆ ಅದನ್ನು ಅಲ್ಲಗಳೆಯುವ ಪುರಾವೆಯಿಲ್ಲ. ಮೊದಲಿನ ಆದೇಶವೇ ಊರ್ಜಿತ. ಎರಡೇ ಪುಟ. ಆ ಹೆಂಗಸು ಅಳುತ್ತಾ ಬರೆದುಕೊಟ್ಟ ಕಾಗದದ ಸುದ್ದಿ ಅದರಲ್ಲಿ ಎಲ್ಲಿಯೂ ಇರಲಿಲ್ಲ. ಅದೇ ವಾರ ಅರ್ಲೀನ್ ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದಾಳೆಂದು ಒಂದು ಕಾಗದ ತಯಾರಾಯಿತು. ಇಚ್ಛೆ ಯಾರದೆಂದು ಎಲ್ಲರಿಗೂ ಗೊತ್ತಿತ್ತು. ಅವಳು ರುಜು ಹಾಕಿದಳು.

ಕೊನೆಯ ದಿನ ಮಧ್ಯಾಹ್ನ ಕಿಟಕಿಗೆ ಒಸೀ ಬಂದಳು. ಈ ಸಲ ಟೋಪಿಯಿರಲಿಲ್ಲ. ತಲೆಗೆ ಒಂದು ಬಟ್ಟೆ ಕಟ್ಟಿಕೊಂಡಿದ್ದಳು, ಒಂದೇ ತಿಂಗಳಲ್ಲಿ ಕುಗ್ಗಿಹೋಗಿದ್ದಳು.

ಅವಳು ಬಾಯಿ ತೆರೆಯುವ ಮೊದಲೇ ಅರ್ಲೀನ್ ಗಾಜಿನ ಕಂಡಿಗೆ ಬಗ್ಗಿದಳು. "ಕೇಳಿಸ್ಕೊಳಿ, ಮಿಸ್ ಒಸೀ. ತೀರ್ಪು ಬಂದ ದಿನದಿಂದ ಮೂವತ್ತು ದಿನ ಇದೆ, ಇಪ್ಪತ್ತಾರು ಉಳಿದಿದೆ. ಮೇಲ್ಮನವಿ ಕೊಡ್ಬೇಕು ಅಂತ ಒಂದು ಸಾಲು ಬರೆದು ಕಳ್ಸಿದ್ರೆ ಸಾಕು ಅಂತ ಅವನಿಗೆ ಹೇಳಿ. ಟಪಾಲಿಗೆ ಕೊಟ್ಟ ತಾರೀಕು ಕಾಗದದ ಮೇಲೇ ಬರೀಲಿ, ಪ್ರಮಾಣ ಮಾಡಿ ಬರೀಲಿ. ಆ ಗೆರೆ ಮಾತ್ರ ಖಾಲಿ ಬಿಡಬಾರದು."

ಪಕ್ಕದ ಮೇಜಿನವರು ತಿರುಗಿ ನೋಡಿದರು. ಇಪ್ಪತ್ತೇಳು ವರ್ಷದಲ್ಲಿ ಆ ಕಿಟಕಿಯಿಂದ ಹೊರಬಿದ್ದ ಮೊದಲ ಸಲಹೆ ಅದು.

ಒಸೀ ಅಡ್ಡಡ್ಡ ತಲೆಯಾಡಿಸಿದಳು. "ಬರೆಯಲ್ವಂತೆ. ಸಾಕಾಗಿದೆ ಅಂತಾನೆ. ನಾನು ಫೋನಲ್ಲಿ ಬೈದೆ, ಅತ್ತೆ, ಏನು ಮಾಡಿದ್ರೂ ಅಷ್ಟೇ. 'ಅಮ್ಮಾ, ನೀನು ಬಸ್ಸಲ್ಲಿ ಓಡಾಡಬೇಡ, ಕಾಲು ನೋಯುತ್ತೆ' ಅಂತಾನೆ." ಚೀಲದಿಂದ ಒಂದು ಲಕೋಟೆ ತೆಗೆದು ಗಾಜಿಗೆ ಒತ್ತಿ ಹಿಡಿದಳು. "ನೋಡು, ಮೊನ್ನೆ ಬಂತು. ಹದಿನೇಳು ವರ್ಷ, ಒಂದು ಕಾಗದಾನೂ ಬರಿದಾಗಿ ಬಂದಿರಲಿಲ್ಲ. ಏನಾದ್ರೂ ಒಂದು ಬರೆದಿರ್ತಿದ್ದ. ಹಕ್ಕಿ, ಇಲ್ಲಾಂದ್ರೆ ಹೂವು. ಈಗ ಅದನ್ನೂ ಬಿಟ್ಟಿದಾನೆ."

ಲಕೋಟೆಯ ಮೇಲೆ ವಿಳಾಸ ಬಿಟ್ಟು ಬೇರೇನೂ ಇರಲಿಲ್ಲ.

"ನಾನು ಜಗಳಕ್ಕೆ ಬಂದಿಲ್ಲ ಮಗಳೇ. ಆ ಹಕ್ಕಿ ಕೊಡು, ಹೋಗ್ತೀನಿ. ಅವನು ಕೊನೇದಾಗಿ ಬರೆದಿದ್ದು ಅದೇ. ನನ್ನ ಹತ್ರ ಇರಲಿ."

ಹಕ್ಕಿ ಅರ್ಲೀನಳ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು. ಪ್ಲಾಸ್ಟಿಕ್ ಹಾಳೆಯೊಳಗೆ, ಬಾಲದ ಮೇಲೆ ದಾಖಲೆಯ ಚೀಟಿ ಅಂಟಿಸಿಕೊಂಡು, ಕಡತಕ್ಕೆ ಪಿನ್ನು ಹೊಡೆಸಿಕೊಂಡು. ಪಿನ್ನು ಹೊಡೆದವಳೂ ಅವಳೇ. ಕಪಾಟಿನ ಬೀಗದ ಕೈಯನ್ನು ಬೆಳಿಗ್ಗೆಯೇ ಕಾರ್ವರ್ ತೆಗೆದುಕೊಂಡಿದ್ದ.

"ಅದು ಈಗ ಕೋರ್ಟಿನ ದಾಖಲೆ, ಮಿಸ್ ಒಸೀ. ಹೊರಗೆ ಕೊಡೋಕೆ ಬರಲ್ಲ."

ಮುದುಕಿ ಅವಳನ್ನು ನೋಡಿದಳು. ದನಿ ಎತ್ತರಿಸಲಿಲ್ಲ, ಊರುಗೋಲನ್ನೂ ಕುಟ್ಟಲಿಲ್ಲ.

"ಅವತ್ತು ಮನೆಗೆ ತಗೊಂಡು ಹೋಗೋಕೆ ಬಂತು," ಎಂದಳು. "ಇವತ್ತು ನನಗೆ ಕೊಡೋಕೆ ಬರಲ್ವಾ?"

ಖಾಲಿ ಲಕೋಟೆಯನ್ನು ಚೀಲಕ್ಕೆ ಹಾಕಿಕೊಂಡು ಅವಳು ನಿಧಾನವಾಗಿ ಬಾಗಿಲ ಕಡೆ ನಡೆದಳು. ನಾಲ್ಕೂ ಹತ್ತರ ಬಸ್ಸು ಹೊರಡುವುದರಲ್ಲಿತ್ತು.